ಗ್ಯಾರೇಜ್ ಕಟ್ಟೆ: ಹೊಳಪು ಎಲ್ಲಿಗೆ ನಿಲ್ಲಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯ ಹಿಡಿದು ಬಂದಿವೆ. ಹುಬ್ಬಳ್ಳಿಯಲ್ಲಿ ಹಳೆ ಗಾಡಿಗಳ ಪ್ರದರ್ಶನ ಹತ್ತಿರ ಬಂತು. ಅಲ್ಲಿ ಬಾನೆಟ್ ಎತ್ತಿ ನಿಲ್ಲಿಸಬೇಕು, ಒಳಗೆ ಇಂಜಿನ್ ಫಳಫಳ ಅನ್ನಬೇಕು. ಈ ಆಸೆ ನನಗೆ ಚೆನ್ನಾಗಿ ಗೊತ್ತು. ನಾನು ಈ ಕೆಲಸಕ್ಕೆ ಇಳಿದಿದ್ದೇ ಪಾಲಿಶ್ ಮಾಡುತ್ತಾ. ನಮ್ಮ ಮಾವನವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮನೆ ಮುಂದಿನ ತಗಡಿನ ಶೆಡ್ಡಿನಲ್ಲಿ ಇಂಜಿನ್ ಕೆಲಸ ಶುರು ಮಾಡಿದರು. ಸೊಸೆಯಾಗಿ ಬಂದ ನಾನು ಮೊದಲು ಬಿಚ್ಚಿದ ಸಾಮಾನು ಚಿಮಣಿ ಎಣ್ಣೆಯಲ್ಲಿ ತೊಳೆದು ಕೊಡುತ್ತಿದ್ದೆ. ಆಮೇಲೆ ವಾಟರ್ ಪೇಪರ್, ಅಂದರೆ ನೀರು ಹಚ್ಚಿ ಲೋಹ ಉಜ್ಜುವ ಕಾಗದ, ಹಿಡಿದೆ. ಆಮೇಲೆ ಪಾನಾ (ಸ್ಪ್ಯಾನರ್). ಈಗ ಅವರಿಲ್ಲ, ಶೆಡ್ಡು ನನ್ನ ಕೈಯಲ್ಲಿದೆ.

ಯಾವ ಭಾಗ ಪಾಲಿಶ್‌ಗೆ ಬಂದರೂ ಅವರು ಮೊದಲು ನನ್ನ ಕೈಗೆ ಒಂದು ನೀಲಿ ಮಾರ್ಕರ್ ಕೊಡುತ್ತಿದ್ದರು. "ಮೊದಲ ಎಲ್ಲಿ ಮುಟ್ಟಬಾರದೋ ಅಲ್ಲಿ ಗೀರು ಹಾಕವ್ವಾ. ಆಮ್ಯಾಲ ಮುಟ್ಟೋ ಜಾಗಾ ತಾನ ಉಳಿತದ" ಅನ್ನುತ್ತಿದ್ದರು. ಕೆಳಗಿನ ಉತ್ತರಗಳಲ್ಲಿ ಆ ಗೀರು ಮತ್ತೆ ಮತ್ತೆ ಬರುತ್ತದೆ.

ಪ್ರಶ್ನೆ: ನಮ್ಮ ತಂದೆ ಕೊಂಡ 1968ರ ಅಂಬಾಸಡರ್ ಮಾರ್ಕ್ 2 ನನ್ನ ಬಳಿ ಇದೆ. ಇಂಜಿನ್ ಓಡುತ್ತದೆ, ಆದರೆ ನೋಡಲು ಪೂರ್ತಿ ಮಸಿ. ಪ್ರದರ್ಶನಕ್ಕೆ ಐದು ವಾರ ಇದೆ. ಹೊಸ ವಾಟರ್ ಪಂಪ್, ಟ್ಯಾಪೆಟ್ ಕವರಿನ (ಇಂಜಿನ್ನಿನ ಮೇಲಿನ ಮುಚ್ಚಳದ) ಪ್ಯಾಕಿಂಗ್, ಅಂದರೆ ಸಂದಿ ಮುಚ್ಚುವ ಪಟ್ಟಿ, ಹಾಕಬೇಕು. ಮೊದಲು ಪಾಲಿಶ್ ಮಾಡಿಸಿ ಆಮೇಲೆ ಜೋಡಿಸಲೋ, ಜೋಡಿಸಿದ ಮೇಲೆ ಪಾಲಿಶ್ ಮಾಡಲೋ? – ನಿವೃತ್ತ ಮಾಸ್ತರರು, ಗದಗ

ಉತ್ತರ: ಸರ್, ಮೊದಲು ಸುಮ್ನೆ ಕೂರಿಸಿ ನೋಡಿ. ಆಮೇಲೆ ಬಿಚ್ಚಿ ಪಾಲಿಶ್ ಮಾಡಿ. ಆಮೇಲೆ ಖಾಯಂ ಕೂರಿಸಿ. ಒಂದು ಸಲ ಜಾಸ್ತಿ ಬಿಚ್ಚಿದ ಹಾಗಾಗುತ್ತದೆ, ನಿಜ. ಆದರೆ ಹಳೆ ಗಾಡಿಗೆ ಸಿಗುವ ಹೊಸ ಭಾಗ ತಕ್ಷಣ ಸರಿಯಾಗಿ ಕೂರುತ್ತದೆ ಅನ್ನುವ ನಂಬಿಕೆ ಇಟ್ಟುಕೊಳ್ಳಬಾರದು. ಬೋಲ್ಟಿನ ತೂತು ಅರ್ಧ ಮಿಲಿಮೀಟರ್ ಆಚೀಚೆ ಇರುತ್ತದೆ. ಪುಲ್ಲಿ ಒಂದು ಎಳೆ ಮುಂದೆ ಬಂದಿರುತ್ತದೆ, ಬೆಲ್ಟ್ ಓರೆಯಾಗಿ ಓಡುತ್ತದೆ. ಪಾಲಿಶ್ ಮಾಡಿದ ಮೇಲೆ ಇದು ಗೊತ್ತಾದರೆ ಅಂಗಡಿಯವರು ಆ ಪಂಪನ್ನು ವಾಪಸ್ ತಗೊಳ್ಳುವುದಿಲ್ಲ. ಮೊದಲು ಪ್ಯಾಕಿಂಗ್ ಇಟ್ಟು, ಬೋಲ್ಟುಗಳನ್ನು ಕೈಯಿಂದ ಹಚ್ಚಿ, ಫ್ಯಾನ್ ಒಂದು ಸುತ್ತು ತಿರುಗಿಸಿ ನೋಡಿ.

ಬಿಚ್ಚುವಾಗ ಒಂದು ದಪ್ಪ ರಟ್ಟು ತಗೊಳ್ಳಿ. ಅದರ ಮೇಲೆ ಆ ಭಾಗದ ಆಕಾರ ಬರೆಯಿರಿ. ಬೋಲ್ಟ್ ಇದ್ದ ಕಡೆಯಲ್ಲೇ ತೂತು ಮಾಡಿ, ಆ ಬೋಲ್ಟನ್ನು ಅಲ್ಲೇ ಚುಚ್ಚಿಡಿ. ಒಂದೇ ಪಂಪಿನಲ್ಲಿ ಬೇರೆ ಬೇರೆ ಉದ್ದದ ಬೋಲ್ಟ್ ಇರುತ್ತವೆ. ಉದ್ದ ಬೋಲ್ಟ್ ಗಿಡ್ಡ ತೂತಿಗೆ ಹೋದರೆ ತಳ ಮುಟ್ಟಿ ನಿಲ್ಲುತ್ತದೆ. ಕೈಗೆ ಬಿಗಿಯಾಯಿತು ಅನ್ನಿಸುತ್ತದೆ, ಆದರೆ ಭಾಗ ಮಾತ್ರ ಬಿಗಿಯಾಗಿರುವುದಿಲ್ಲ. ನೀರು ಅಲ್ಲಿಂದಲೇ ಜಿನುಗುತ್ತದೆ.

ನಿಮ್ಮ ಗಾಡಿಯ 1489 ಸಿ.ಸಿ. ಇಂಜಿನ್ ಮೂಲದಲ್ಲಿ ಇಂಗ್ಲೆಂಡಿನ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯವರ ಬಿ ಸೀರೀಸ್. ಬ್ಲಾಕು (ಇಂಜಿನ್ನಿನ ಮೈ), ಅದರ ಮೇಲೆ ಕೂರುವ ಹೆಡ್ಡು ಎರಡೂ ಬೀಡು, ಅಂದರೆ ಎರಕದ ಕಬ್ಬಿಣ. ಟ್ಯಾಪೆಟ್ ಕವರ್ ತಗಡು. ಕನ್ನಡಿ ಹಾಗೆ ಹೊಳೆಸುವ ಭಾಗ ಇದರಲ್ಲಿ ಕಡಿಮೆ. ಈ ಇಂಜಿನ್ನಿನ ಚೆಲುವು ಇರುವುದು ಚೊಕ್ಕವಾದ ಬಣ್ಣದಲ್ಲಿ. ಬೀಡು ಉಜ್ಜುತ್ತಾ ನಾಲ್ಕು ವಾರ ಕಳೆಯಬೇಡಿ. ಡೈನಮೋ ಹಿಡಿದ ಬ್ರ್ಯಾಕೆಟ್ ಬಿಚ್ಚಿ ಅದರ ಹಿಂದೆ ನೋಡಿ. ಗಾಳಿ ಬಿಸಿಲು ತಾಗದ ಆ ಜಾಗದಲ್ಲಿ ಹಳೆ ಬಣ್ಣ ಒಂದು ಬೆರಳಗಲ ಉಳಿದಿರುತ್ತದೆ. ಅದೇ ನಿಮ್ಮ ಬಣ್ಣ. ಪೇಂಟ್ ಅಂಗಡಿಗೆ ಆ ಬ್ರ್ಯಾಕೆಟ್ಟನ್ನೇ ಒಯ್ದು ಹೊಂದಿಸಿ.

ಟ್ಯಾಪೆಟ್ ಕವರಿನ ಕಾರ್ಕ್ ಪ್ಯಾಕಿಂಗ್ ವಿಷಯದಲ್ಲಿ ಎಲ್ಲರೂ ಒಂದೇ ತಪ್ಪು ಮಾಡುತ್ತಾರೆ. ಎಣ್ಣೆ ಸೋರಬಾರದು ಅಂತ ಮೇಲಿನ ಎರಡು ನಟ್ಟನ್ನು ಜೀವ ಬಿಟ್ಟು ಬಿಗಿಯುತ್ತಾರೆ. ತಗಡು ನಡುವೆ ಬಾಗಿ, ಅಂಚು ಮೇಲೇಳುತ್ತದೆ. ಆಗ ಎಣ್ಣೆ ಸೋರುವುದು ಜಾಸ್ತಿಯೇ ಆಗುತ್ತದೆ, ಬಿಸಿ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಕೊಳವೆ) ಮೇಲೆ ಬಿದ್ದು ಹೊಗೆ ಏಳುತ್ತದೆ. ಹಳೆ ಕವರನ್ನು ಗಾಜಿನ ಮೇಲೆ ಬೋರಲು ಇಟ್ಟು ನೋಡಿ. ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಕಟ್ಟಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಪ್ಯಾಕಿಂಗನ್ನು ಕವರಿಗೆ ಮಾತ್ರ ಅಂಟಿಸಿ. ಹೆಡ್ಡಿನ ಕಡೆ ತೆಳ್ಳಗೆ ಗ್ರೀಸ್ ಸಾಕು. ಬಿಗಿಯುವಾಗ ಪಾನಾದ ತುದಿ ಹಿಡಿಯಬೇಡಿ, ತಲೆಯ ಹತ್ತಿರ ಎರಡು ಬೆರಳಲ್ಲಿ ಹಿಡಿಯಿರಿ. ಅಷ್ಟು ಬಲ ಸಾಕು.

ಐದು ವಾರದಲ್ಲಿ ಕೊನೆಯ ವಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಆ ವಾರ ಗಾಡಿ ಓಡಿಸಿ. ಬಿಸಿಯಾಗಿ ತಣ್ಣಗಾದ ಮೇಲೆ ಪ್ಯಾಕಿಂಗ್ ಕೂತು ನಟ್ಟು ಸಡಿಲಾಗುತ್ತವೆ, ಇನ್ನೊಮ್ಮೆ ನೋಡಿ. ಮತ್ತೆ, ನಿಮ್ಮ ಕಡೆ ಕಡಲೆ, ಜೋಳದ ರಾಶಿ ರಸ್ತೆ ಮೇಲೇ ಹಾಕಿರುತ್ತಾರಲ್ವಾ? ಗದಗದಿಂದ ಬರುವಾಗ ಆ ಹೊಟ್ಟು ರೇಡಿಯೇಟರಿನಲ್ಲಿ ತುಂಬುತ್ತದೆ, ಇಂಜಿನ್ ಮೇಲೂ ಕೂರುತ್ತದೆ. ಗ್ರಿಲ್ಲಿನ ಹಿಂದೆ ಸೊಳ್ಳೆ ಪರದೆಯ ಜಾಳಿಗೆ ತುಂಡು ಕಟ್ಟಿಕೊಂಡು ಬನ್ನಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ, ಊರು ಮುಟ್ಟಿದ ಕೂಡಲೇ ಬಿಚ್ಚಿಬಿಡಿ.

ಪ್ರಶ್ನೆ: ಅಕ್ಕಾ, ಅಪ್ಪನ 1987ರ ಮಾರುತಿ 800 ತಯಾರು ಮಾಡುತ್ತಿದ್ದೇನೆ. ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್ನಿಗೆ ಗಾಳಿ, ಪೆಟ್ರೋಲ್ ಒಯ್ಯುವ ಕೊಳವೆ) ಬಿಚ್ಚಿ ಬಫಿಂಗ್, ಅಂದರೆ ಬಟ್ಟೆ ಚಕ್ರದ ಪಾಲಿಶ್, ಮಾಡಿಸಿದೆ. ಎಲ್ಲ ಮೈಯೂ ಕನ್ನಡಿ ಆಗಿದೆ. ವಾಪಸ್ ಹಾಕಿದ ಮೇಲೆ ಐಡ್ಲಿಂಗ್ (ಗಾಡಿ ನಿಂತಾಗ ಇಂಜಿನ್ ಓಡುವ ವೇಗ) ಏರಿಳಿಯುತ್ತಿದೆ, ಕೆಲವೊಮ್ಮೆ ಬಂದ್ ಬೀಳುತ್ತಿದೆ. ಕಾರ್ಬೊರೇಟರ್ ಸ್ಕ್ರೂ ಎಷ್ಟು ತಿರುವಿದರೂ ಸರಿ ಆಗುತ್ತಿಲ್ಲ. – ಡಿಪ್ಲೊಮಾ ವಿದ್ಯಾರ್ಥಿ, ಧಾರವಾಡ

ಉತ್ತರ: ತಮ್ಮಾ, ಆ ಸ್ಕ್ರೂ ಬಿಟ್ಟುಬಿಡು. "ಎಲ್ಲ ಮೈಯೂ ಕನ್ನಡಿ" ಅಂತ ಬರೆದಿದ್ದೀಯಲ್ಲ, ತೊಂದರೆ ಅಲ್ಲೇ ಇದೆ. ಹೆಡ್ಡಿಗೆ ಕೂರುವ ಮುಖವನ್ನೂ ಬಫಿಂಗ್‌ನವರು ಹೊಳೆಸಿಬಿಟ್ಟಿದ್ದಾರೆ.

ಬಟ್ಟೆಯ ಚಕ್ರ ಮೆತ್ತಗಿರುತ್ತದೆ. ಅದು ಸಪಾಟು ಮುಖವನ್ನು ಸಪಾಟಾಗಿ ತಿನ್ನುವುದಿಲ್ಲ. ಅಂಚಿನಲ್ಲಿ, ಸ್ಟಡ್ ತೂತಿನ ಸುತ್ತ ಜಾಸ್ತಿ ತಿನ್ನುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿ, ಕೂರುವ ಮುಖದ ಅಂಚಿಗೆ ಉಗುರು ಎಳೆದು ನೋಡು. ಒಳ್ಳೆಯ ಅಂಚು ಉಗುರನ್ನು ಕೆರೆಯುತ್ತದೆ. ನಿನ್ನದು ಬಳಪದ ತುದಿ ಹಾಗೆ ನುಣ್ಣಗೆ ಜಾರುತ್ತಿರಬಹುದು. ಆ ಸಂದಿಯಿಂದ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಆ ಗಾಳಿ ಕಾರ್ಬೊರೇಟರ್ ದಾಟಿ ಬಂದಿಲ್ಲ, ಅದಕ್ಕೆ ತಕ್ಕ ಪೆಟ್ರೋಲ್ ಇಲ್ಲ. ಐಡ್ಲಿಂಗ್‌ನಲ್ಲಿ ಇಂಜಿನ್ ಕುಡಿಯುವ ಗಾಳಿಯೇ ಸ್ವಲ್ಪ, ಹಾಗಾಗಿ ಸಣ್ಣ ಸಂದಿಯೂ ದೊಡ್ಡದಾಗಿ ಕಾಣುತ್ತದೆ. ಮೂರೇ ಸಿಲಿಂಡರಿನ 796 ಸಿ.ಸಿ. ಗಾಡಿ ಅದು. ಒಂದು ಸಿಲಿಂಡರ್ ಸೊರಗಿದರೆ ಮೂರರಲ್ಲಿ ಒಂದು ಪಾಲು ಹೋಯಿತು.

ಬಿಚ್ಚುವ ಮುಂಚೆ ಖಾತ್ರಿ ಮಾಡಿಕೊ. ಗಾಡಿ ಚಾಲೂ ಇಟ್ಟು ಒಂದು ತುಂಡು ರಬ್ಬರ್ ಪೈಪನ್ನು ಕಿವಿಗೆ ಹಿಡಿ, ಇನ್ನೊಂದು ತುದಿಯನ್ನು ಜೋಡಣೆಯ ಉದ್ದಕ್ಕೂ ಓಡಿಸು. ಸಂದಿ ಇರುವ ಕಡೆ 'ಸುಯ್' ಅಂತ ಕೇಳುತ್ತದೆ. ಸಿರಿಂಜಿನಿಂದ ಸೋಪಿನ ನೀರು ಹನಿಸಿದರೆ ನೀರು ಒಳಗೆ ಎಳೆದುಕೊಂಡು ಇಂಜಿನ್ ಸದ್ದು ಬದಲಾಗುತ್ತದೆ. ಪೆಟ್ರೋಲ್ ಚಿಮುಕಿಸಿ ನೋಡುವವರು ಇದ್ದಾರೆ. ದಯವಿಟ್ಟು ಬೇಡ. ಕೆಳಗೇ ಬಿಸಿ ಸೈಲೆನ್ಸರ್ ಪೈಪ್ ಇದೆ.

ಸರಿ ಮಾಡುವುದು ಕೈಯಲ್ಲೇ ಆಗುತ್ತದೆ. 10 ಮಿಲಿಮೀಟರ್ ದಪ್ಪದ ಗಾಜಿನ ತುಂಡು ತಗೊ. ಅದರ ಮೇಲೆ 320ರ ವಾಟರ್ ಪೇಪರ್ ಅಂಟಿಸು. ಮ್ಯಾನಿಫೋಲ್ಡ್ ಮುಖದ ತುಂಬ ನೀಲಿ ಮಾರ್ಕರಿನಿಂದ ಅಡ್ಡಗೆರೆ ಎಳೆ. ಈಗ ಗಾಜಿನ ಮೇಲೆ ಇಟ್ಟು ಎಂಟು ಅಂಕಿ ಬರೆದ ಹಾಗೆ ಮೆಲ್ಲಗೆ ಉಜ್ಜು, ಒಂದೇ ಕಡೆ ಒತ್ತಬೇಡ. ನೀಲಿ ಉಳಿದ ಕಡೆ ತಗ್ಗು. ಪೂರ್ತಿ ನೀಲಿ ಹೋದ ದಿನ ಮುಖ ಸಮವಾಯಿತು. ಆದರೆ ಶುರುವಿನಲ್ಲೇ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜಿನ (ಸಂದಿ ಅಳೆಯುವ ತೆಳು ಎಲೆಗಳ ಕಟ್ಟು) 0.10 ಮಿ.ಮೀ. ಎಲೆ ತೂರಿಸಿ ನೋಡು. ಅದು ಸರಾಗ ಒಳಗೆ ಹೋದರೆ ಕೈಕೆಲಸ ಬಿಟ್ಟು ಮಶೀನ್ ಶಾಪಿಗೆ ಒಯ್ಯಿ. ಹೊಸ ಪ್ಯಾಕಿಂಗ್ ಹಾಕಿ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿ. ಆ ಮುಖ ಮಂಕಾಗಿ, ಬೂದಿ ಬಣ್ಣಕ್ಕೆ ಕಾಣುತ್ತದೆ. ಕಾಣಲಿ, ಅದು ಒಳಗೆ ಮುಚ್ಚಿ ಹೋಗುವ ಮುಖ.

ಪ್ರಶ್ನೆ: ನನ್ನದು ಯೆಜ್ಡಿ. ಇಂಜಿನ್ನಿನ ಅಲ್ಯೂಮಿನಿಯಂ ಕವರನ್ನು ಮನೆಯಲ್ಲೇ, ಕೈಯಲ್ಲೇ ಹೊಳೆಸಬೇಕು. ಯಾವ ನಂಬರಿನ ಪೇಪರ್ ಬೇಕು? – ಕಿರಾಣಿ ವ್ಯಾಪಾರಿ, ಹಾವೇರಿ

ಉತ್ತರ: ಯೆಜ್ಡಿ ಬೈಕು ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಂದ ಬಂದ ಹಳೆಯ ಕವರ್ ನಿಮ್ಮ ಬಳಿ ಇದ್ದರೆ ಅದನ್ನು ಜೋಪಾನವಾಗಿ ನೋಡಿಕೊಳ್ಳಿ. ಕೈಯಲ್ಲೇ ಮಾಡುತ್ತೇನೆ ಅಂದಿರಲ್ಲ, ನನಗೆ ತುಂಬಾ ಖುಷಿಯಾಯಿತು. ಮಶೀನ್ ಒಂದು ನಿಮಿಷದಲ್ಲಿ ಉಬ್ಬು ಅಕ್ಷರದ ಅಂಚನ್ನು ಅಳಿಸಿಬಿಡುತ್ತದೆ. ಕೈ ಹಾಗೆ ಮಾಡುವುದಿಲ್ಲ.

ಮೊದಲು ಜಿಡ್ಡು ತೆಗೆಯಿರಿ. ಜಿಡ್ಡಿನ ಮೇಲೆ ಪೇಪರ್ ಹಾಕಿದರೆ ಪೇಪರಿನ ಹಲ್ಲು ತುಂಬಿ ಹೋಗುತ್ತದೆ. ಆಳವಾದ ಗೀರು ಇದ್ದರೆ 320ರಿಂದ, ಇಲ್ಲವಾದರೆ 400ರಿಂದ ಶುರು. ಆಮೇಲೆ 600, 800, 1000, 1500, 2000; ನಂಬರ್ ಏರಿದ ಹಾಗೆ ಪೇಪರ್ ನುಣ್ಣಗಾಗುತ್ತದೆ. ನೀರಿಗೆ ಎರಡು ಹನಿ ಪಾತ್ರೆ ಸೋಪು ಹಾಕಿ, ಪೇಪರ್ ಅದರಲ್ಲಿ ನೆನೆಸಿಟ್ಟುಕೊಳ್ಳಿ.

ಗುಟ್ಟು ದಿಕ್ಕಿನಲ್ಲಿದೆ. 400ರಲ್ಲಿ ಅಡ್ಡ ಉಜ್ಜಿದರೆ 600ರಲ್ಲಿ ಉದ್ದ ಉಜ್ಜಿ. ಅಡ್ಡಗೀರು ಒಂದೂ ಉಳಿಯದವರೆಗೆ ಮುಂದಿನ ನಂಬರಿಗೆ ಹೋಗಬೇಡಿ. ಒರೆಸಿ, ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ನೋಡಿ. ನೇರ ನೋಡಿದರೆ ನುಣ್ಣಗೆ ಕಾಣುವ ಮೈ ಮೇಲೆ, ಓರೆ ಹಿಡಿದಾಗ ಕೂದಲೆಳೆಯಂತೆ ಎರಡು ಮೂರು ಗೀರು ಮೂಡುತ್ತವೆ. ಅವು ಹಳೆ ನಂಬರಿನವು. ಈಗ ಬಿಟ್ಟರೆ 2000 ಮುಗಿಸಿ ಪಾಲಿಶ್ ಹಾಕಿದ ಮೇಲೆ ಇನ್ನೂ ಎದ್ದು ಕಾಣುತ್ತವೆ, ಮತ್ತೆ 600ಕ್ಕೇ ವಾಪಸ್ ಬರಬೇಕು. ನಾನು ಎಷ್ಟೋ ಸಲ ಹಾಗೆ ವಾಪಸ್ ಬಂದಿದ್ದೇನೆ. ದಿನಕ್ಕೆ ಎರಡು ನಂಬರ್ ಅಂತ ಇಟ್ಟುಕೊಳ್ಳಿ. ಅಂಗಡಿ ಮುಚ್ಚಿದ ಮೇಲೆ ನಾಲ್ಕು ಸಂಜೆ ಸಾಕು.

ಕೊನೆಗೆ ಬನಿಯನ್ ಅರಿವೆಗೆ ಬ್ರಾಸೋ ಅಥವಾ ಆಟೋಸಾಲ್ ಲೋಹದ ಪಾಲಿಶ್ ಹಚ್ಚಿ ಸಣ್ಣ ಸಣ್ಣ ಸುತ್ತಿನಲ್ಲಿ ತಿಕ್ಕಿ. ಅರಿವೆ ಕಪ್ಪಾಗುತ್ತದೆ, ಹೆದರಬೇಡಿ, ಅದು ಅಲ್ಯೂಮಿನಿಯಂ ಬಿಡುವ ಕಪ್ಪು. ಆ ಕಪ್ಪು ಒಣಗುವ ಮುಂಚೆ ಬೇರೆ ಅರಿವೆಯಿಂದ ಒರೆಸಿ. ಆಮೇಲೆ ಒಂದು ಚಿಟಿಕೆ ಮೈದಾ ಹಿಟ್ಟು ಉದುರಿಸಿ ಒಣ ಅರಿವೆಯಿಂದ ತಿಕ್ಕಿದರೆ ಉಳಿದ ಜಿಡ್ಡನ್ನು ಹಿಟ್ಟು ಹೀರಿಕೊಳ್ಳುತ್ತದೆ. ಕವರಿನ ಒಳಮುಖ, ಪ್ಯಾಕಿಂಗ್ ಕೂರುವ ಅಂಚು, ಇವುಗಳ ಮೇಲೆ ಮೊದಲೇ ಪೇಂಟಿಂಗ್ ಟೇಪ್ ಅಂಟಿಸಿಡಿ.

ಪ್ರಶ್ನೆ: ಮನೆಯವರ ಹಳೆ ಜೀಪಿನ ರೇಡಿಯೇಟರಿನ ಮೇಲಿನ ತೊಟ್ಟಿ ಹಿತ್ತಾಳೆಯದು. ದೇವರ ಸಾಮಾನು ಹುಣಸೆಹಣ್ಣಿನಲ್ಲಿ ತಿಕ್ಕಿದ ಹಾಗೆ ಇದನ್ನೂ ತಿಕ್ಕಬಹುದಾ? – ಗೃಹಿಣಿ, ಬ್ಯಾಡಗಿ

ಉತ್ತರ: ಧಾರಾಳವಾಗಿ ತಿಕ್ಕಿ ಅಕ್ಕಾರ. ಹಿತ್ತಾಳೆ, ತಾಮ್ರದ ಮೇಲಿನ ಕಿಲುಬನ್ನು ಹುಣಸೆಯ ಹುಳಿ ಕರಗಿಸುತ್ತದೆ. ಗ್ಯಾರೇಜಿನಲ್ಲಿ ನಾನೂ ಒಂದು ಡಬ್ಬಿ ಹುಣಸೆ ಇಟ್ಟುಕೊಂಡಿದ್ದೇನೆ. ಆದರೆ ಬಹಳ ಹೊತ್ತು ಹಚ್ಚಿಡಬೇಡಿ. ತೊಟ್ಟಿಯ ಬೆಸುಗೆ ಇರುವ ಸಾಲಿನಲ್ಲಿ ಹುಳಿ ಉಳಿದರೆ ಮತ್ತೆ ಹಸಿರು ಏಳುತ್ತದೆ. ತಿಕ್ಕಿದ ಕೂಡಲೇ ನೀರಿನಲ್ಲಿ ತೊಳೆದು ಅರಿವೆಯಿಂದ ಪೂರ್ತಿ ಒಣಗಿಸಿ. ಉಪ್ಪು ಬೆರೆಸಬೇಡಿ, ಪಕ್ಕದಲ್ಲೇ ಕಬ್ಬಿಣದ ಪಟ್ಟಿ ಇದೆ, ತುಕ್ಕು ಹಿಡಿಯುತ್ತದೆ. ಮುಚ್ಚಳ ಹಾಕಿಯೇ ತಿಕ್ಕಿ, ರಸ ಒಳಗೆ ಹೋಗಬಾರದು. ರೇಡಿಯೇಟರಿನ ಕೆಳಗಿನ ತೆಳು ರೆಕ್ಕೆಗಳಿಗೆ ಮಾತ್ರ ಕೈ ಹಚ್ಚಬೇಡಿ. ಅವು ಬೆರಳು ತಾಗಿದರೂ ಮಡಚುತ್ತವೆ. ಅಲ್ಲಿಗೆ ಮೆತ್ತನೆಯ ಬ್ರಶ್, ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು, ಅಷ್ಟೇ.

ಪ್ರಶ್ನೆ: ಇಂಜಿನ್ನಿನ ಎಲ್ಲ ನಟ್ಟು ಬೋಲ್ಟಿಗೆ ಕ್ರೋಮ್ ಹೊಡೆಸಬೇಕು ಅಂತಿದ್ದೇನೆ. ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಹೆಡ್ ಸ್ಟಡ್ ಸಮೇತ. ಖರ್ಚಿನ ಚಿಂತೆ ಇಲ್ಲ. – ಯುವ ಓದುಗ, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಹೆಡ್ ಸ್ಟಡ್ ಬೇಡ. ಕನೆಕ್ಟಿಂಗ್ ರಾಡ್ ಬೋಲ್ಟ್ ಬೇಡ. ಸ್ಟೇರಿಂಗ್, ಬ್ರೇಕಿನ ಒಂದೇ ಒಂದು ಬೋಲ್ಟೂ ಬೇಡ. ಇಲ್ಲಿ ನಾನು ಬಿಗಿಯಾಗಿಯೇ ಹೇಳುತ್ತೇನೆ.

ಗಟ್ಟಿ ಉಕ್ಕಿನ ಬೋಲ್ಟನ್ನು ಆಸಿಡ್ಡಿನಲ್ಲಿ ಅದ್ದಿ, ಕರೆಂಟ್ ಕೊಟ್ಟು ಲೇಪ ಕೂರಿಸುವಾಗ ಹೈಡ್ರೋಜನ್ ಉಕ್ಕಿನ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ಏನೂ ಗೊತ್ತಾಗುವುದಿಲ್ಲ. ಬೋಲ್ಟ್ ಬಿಗಿದು ಬಿಟ್ಟ ಮೇಲೆ, ಕೆಲವು ಗಂಟೆಗೋ ಕೆಲವು ದಿನಕ್ಕೋ, ಗಾಜಿನ ಹಾಗೆ 'ಟಣ್' ಅಂತ ಮುರಿಯಬಹುದು. ಇದನ್ನು ತಪ್ಪಿಸಲು ಲೇಪ ಆದ ಕೆಲವೇ ಗಂಟೆಯೊಳಗೆ ಸುಮಾರು 200 ಡಿಗ್ರಿ ಬಿಸಿಯಲ್ಲಿ ತಾಸುಗಟ್ಟಲೆ ಬೇಯಿಸಬೇಕು. ಬಂಪರ್, ಹ್ಯಾಂಡಲ್ ಲೇಪ ಮಾಡುವ ಸಣ್ಣ ಅಂಗಡಿಯಲ್ಲಿ ಆ ಒಲೆ ಇರುವುದಿಲ್ಲ. ಇನ್ನೊಂದು, ಲೇಪದಿಂದ ಥ್ರೆಡ್ ದಪ್ಪವಾಗುತ್ತದೆ. ಟಾರ್ಕ್ ರೆಂಚ್ (ಬಿಗಿಯುವ ಬಲ ಅಳೆಯುವ ಪಾನಾ) 'ಕಟ್' ಅಂದಾಗ ಬಹಳಷ್ಟು ಬಲ ಥ್ರೆಡ್ ತಿರುಗಿಸುವುದರಲ್ಲೇ ಖರ್ಚಾಗಿರುತ್ತದೆ. ಹೆಡ್ಡು ಬಿಗಿಯಾಗಿರುವುದಿಲ್ಲ.

ಆಸೆ ಇದ್ದರೆ ಟ್ಯಾಪೆಟ್ ಕವರಿನ ಗುಮ್ಮಟದ ನಟ್ಟು, ಏರ್ ಕ್ಲೀನರಿನ ಚಿಟ್ಟೆ ನಟ್ಟು, ಇಷ್ಟಕ್ಕೆ ಹೊಡೆಸಿ. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದೂ ಅವೇ. ಕೊಡುವ ಮುಂಚೆ ಅವನ್ನು ನೀವೇ ಚೆನ್ನಾಗಿ ಉಜ್ಜಿ ಕೊಡಿ. ಕ್ರೋಮ್ ಪದರ ಬಹಳ ತೆಳು, ಕೆಳಗಿನ ಗೀರನ್ನು ಅದು ಮುಚ್ಚುವುದಿಲ್ಲ.

ಪ್ರಶ್ನೆ: ಪಾಲಿಶ್ ಮಾಡಿಸಿ ತಂದ ಭಾಗಗಳನ್ನು ಪೆಟ್ರೋಲಿನಲ್ಲಿ ಒರೆಸಿ ಹಾಕಿದರೆ ಸಾಕಾ? ಹಳೆ ಜಿಡ್ಡು ತೆಗೆಯಲು ಕಾಸ್ಟಿಕ್ ಸೋಡಾ ಒಳ್ಳೆಯದು ಅನ್ನುತ್ತಾರೆ. – ಟ್ರ್ಯಾಕ್ಟರ್ ಮೆಕ್ಯಾನಿಕ್, ರಾಣೆಬೆನ್ನೂರು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಬೀಡಿನ ಬ್ಲಾಕಿಗೆ ಕಾಸ್ಟಿಕ್ ಹಂಡೆ ಸರಿ. ಅಲ್ಯೂಮಿನಿಯಂ ಅದರಲ್ಲಿ ಬಿದ್ದರೆ ಮುಗಿಯಿತು. ನಾನು ಹೊಸಬಳಿದ್ದಾಗ ಒಬ್ಬ ಗಿರಾಕಿಯ ಬ್ಲಾಕನ್ನು ಒಂದು ಕಡೆ ತೊಳೆಯಲು ಕೊಟ್ಟಿದ್ದೆವು. ಅದರ ಜೊತೆ ಟೈಮಿಂಗ್ ಕವರೂ ಹೋಗಿತ್ತು, ಅದು ಅಲ್ಯೂಮಿನಿಯಂ. ಅವರು ನೋಡದೆ ಎರಡನ್ನೂ ಹಂಡೆಗೆ ಹಾಕಿದರು. ಸಂಜೆ ಹೋದಾಗ ಹಂಡೆ ಬುಸುಬುಸು ಅನ್ನುತ್ತಿತ್ತು. ಕವರ್ ಕಪ್ಪಾಗಿ, ಗೆದ್ದಲು ತಿಂದ ಕಟ್ಟಿಗೆಯಂತೆ ತೂತು ತೂತಾಗಿ ಹೊರಬಂತು. ಮಾವನವರು ಅದನ್ನು ಕೈಯಲ್ಲಿ ಹಿಡಿದು ಸುಮಾರು ಹೊತ್ತು ಸುಮ್ಮನೆ ನಿಂತಿದ್ದರು. ಬದಲಿ ಕವರ್ ಹುಡುಕಲು ಮೂರು ತಿಂಗಳು ಬೇಕಾಯಿತು. ಅಂದಿನಿಂದ ಅಲ್ಯೂಮಿನಿಯಂ ಭಾಗ ಹೊರಗೆ ಕೊಡುವಾಗ ಅದಕ್ಕೆ ಕೆಂಪು ದಾರ ಕಟ್ಟುತ್ತೇನೆ.

ಈಗ ಮೊದಲನೆಯದು. ಒರೆಸಿದರೆ ಸಾಲದು. ಬಫಿಂಗ್ ಸೋಪಿನಲ್ಲಿ, ಎಮರಿ ಪೇಪರಿನಲ್ಲಿ ಇರುವ ಪುಡಿ ಬೇರಿಂಗಿಗಿಂತ ತುಂಬಾ ಗಟ್ಟಿ. ಒಂದು ಚಿಟಿಕೆ ಎಣ್ಣೆಗೆ ಸೇರಿದರೂ ಬೇರಿಂಗಿನ ಮೆತ್ತನೆ ಲೋಹದಲ್ಲಿ ಹೂತುಕೊಂಡು, ಅದರಲ್ಲಿ ತಿರುಗುವ ಕ್ರ್ಯಾಂಕ್ ದಂಡವನ್ನು ಕೆರೆಯುತ್ತಲೇ ಇರುತ್ತದೆ. ಆ ಸೋಪು ಮೇಣದ ಹಾಗೆ. ಥ್ರೆಡ್ಡಿನ ಸಂದಿಯಲ್ಲಿ, ಎಣ್ಣೆ ತೂತಿನಲ್ಲಿ, ಕವರಿನ ಒಳ ಮೂಲೆಯಲ್ಲಿ ಹೋಗಿ ಕೂರುತ್ತದೆ. ಬಿಸಿ ನೀರು, ಪಾತ್ರೆ ಸೋಪು, ಬಾಟಲಿ ತೊಳೆಯುವ ಬ್ರಶ್ ತಗೊಂಡು ಮಗುವಿಗೆ ಎರೆದ ಹಾಗೆ ಎರೆಯಿರಿ. ಕಂಪ್ರೆಸರ್ ಗಾಳಿ ಹೊಡೆಯಿರಿ. ಆಮೇಲೆ ಬಿಳಿ ಅರಿವೆಯನ್ನು ಕಡ್ಡಿಗೆ ಸುತ್ತಿ ತೂತಿನಲ್ಲಿ ತಿರುಗಿಸಿ. ಬೂದಿ ಬಣ್ಣ ಬಂದರೆ ಮತ್ತೆ ತೊಳೆಯಿರಿ. ನಾನು ನಾಲ್ಕು ಸಲ ತೊಳೆದದ್ದೂ ಇದೆ. ಕಬ್ಬಿಣದ ಭಾಗಕ್ಕೆ ಒಣಗಿದ ಕೂಡಲೇ ಎಣ್ಣೆ ಸವರಿ.

ಪ್ರಶ್ನೆ: ಗ್ರೈಂಡರಿಗೆ ಬಟ್ಟೆ ಚಕ್ರ ಹಾಕಿ ನಾನೇ ಬಫಿಂಗ್ ಮಾಡಬಹುದೇ? – ಕುಂದಗೋಳ

ಉತ್ತರ: ಮಾಡಬಹುದು, ಆದರೆ ಪಂಚೆ ಉಟ್ಟು, ರುಮಾಲು ಹಾಕಿಕೊಂಡು, ಕೈಗೆ ದಾರದ ಗ್ಲೌಸ್ ಹಾಕಿಕೊಂಡು ಬೇಡ. ಚಕ್ರ ನಿಮಿಷಕ್ಕೆ ಎರಡೂವರೆ ಮೂರು ಸಾವಿರ ಸುತ್ತು ಸುತ್ತುತ್ತದೆ. ಬಟ್ಟೆಯ ತುದಿ ಸಿಕ್ಕರೆ ಕೈ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ. ಭಾಗವನ್ನು ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಹಿಡಿಯಿರಿ. ಚಕ್ರ ಅಂಚಿನಿಂದ ಹೊರಕ್ಕೆ ಜಾರಬೇಕು, ಅಂಚಿಗೆ ಎದುರು ಬರಬಾರದು. ಎದುರು ಬಂದರೆ ಕೈಯಿಂದ ಕಿತ್ತು ಎಸೆಯುತ್ತದೆ. ಕನ್ನಡಕ, ಮಾಸ್ಕ್ ಬೇಕೇ ಬೇಕು. ಅಲ್ಯೂಮಿನಿಯಂ ಧೂಳು ಬೆಂಕಿ ಹಿಡಿಯುವ ವಸ್ತು. ಅದೇ ಜಾಗದಲ್ಲಿ ಕಬ್ಬಿಣ ಉಜ್ಜಿ ಕಿಡಿ ಹಾರಿಸಬೇಡಿ. ದಿನಾ ಸಂಜೆ ಧೂಳು ಗುಡಿಸಿ ತೆಗೆಯಿರಿ.

ಪ್ರಶ್ನೆ: ಅಂಬಾಸಡರಿನ ನಟ್ಟುಗಳ ಮೂಲೆ ಸವೆದು ದುಂಡಗಾಗಿವೆ. ಹೊಸದು ಹಾಕಿದರೂ ನನ್ನ ಕೈಯಲ್ಲಿ ಹಾಗೇ ಆಗುತ್ತಿದೆ. – ಲಕ್ಷ್ಮೇಶ್ವರ

ಉತ್ತರ: ನಿಮ್ಮ ಕೈಯಲ್ಲಿ ಮಿಲಿಮೀಟರ್ ಪಾನಾ ಇದೆ. ಗಾಡಿಯಲ್ಲಿ ಇಂಚಿನ ನಟ್ಟಿದೆ. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಪಾನಾ ಕೂರುತ್ತದೆ, ಕೂತು ಸ್ವಲ್ಪ ಆಡುತ್ತದೆ. ಆ ಸ್ವಲ್ಪವೇ ಮೂಲೆಯನ್ನು ತಿನ್ನುವುದು. 7/16 ಇಂಚಿನದು 11.1 ಮಿಲಿಮೀಟರ್, ಅದಕ್ಕೆ 11 ಹೋಗುವುದಿಲ್ಲ, 12 ಹಾಕಿ ಕೆಡಿಸುತ್ತಾರೆ. 7/16, 1/2, 9/16, ಈ ಮೂರು ಇಂಚಿನ ರಿಂಗ್ ಪಾನಾ ತಗೊಳ್ಳಿ. ಬಣ್ಣ ಹಚ್ಚಿದ ನಟ್ಟಿನ ಮೇಲೆ ಒಂದು ಪದರ ಟೇಪ್ ಇಟ್ಟು ಪಾನಾ ಹಾಕಿದರೆ ಬಣ್ಣವೂ ಏಳುವುದಿಲ್ಲ. ಬಾನೆಟ್ ಕೆಳಗೆ ಇಣುಕುವ ತಿಳಿದವರು ಮೊದಲು ನೋಡುವುದು ನಟ್ಟಿನ ಮೂಲೆಯನ್ನೇ.

ಪ್ರಶ್ನೆ: ನನ್ನ ಗಾಡಿಯಲ್ಲಿ ಎಸ್‌ಯು ಕಂಪನಿ ಮಾದರಿಯ ಕಾರ್ಬೊರೇಟರ್ ಇದೆ. ಮೇಲಿನ ಗಂಟೆಯಾಕಾರದ ಭಾಗವನ್ನು ಒಳಗೂ ಹೊರಗೂ ಕನ್ನಡಿ ಮಾಡಲೇ? ತೀರ್ಪುಗಾರರಿಗೆ ಇಷ್ಟವಾಗುತ್ತದಾ? – ಧಾರವಾಡ

ಉತ್ತರ: ಒಳಗೆ ಬೇಡವೇ ಬೇಡ. ಆ ಗಂಟೆಯ ಒಳಗೆ ಒಂದು ಪಿಸ್ಟನ್ ಗಾಳಿಯ ಎಳೆತಕ್ಕೆ ಮೇಲೆ ಕೆಳಗೆ ಆಡುತ್ತದೆ. ಎರಡೂ ಒಂದಕ್ಕೊಂದು ಅಳತೆ ಹಿಡಿದು ಮಾಡಿದ ಜೋಡಿ. ಸಂದಿ ಜಾಸ್ತಿಯಾದರೆ ಎಳೆತ ಸೋರುತ್ತದೆ, ಪಿಸ್ಟನ್ ಏಳುವುದಿಲ್ಲ. ಒಳಗೆ ಪೆಟ್ರೋಲ್ ಅದ್ದಿದ ಮೆತ್ತನೆ ಅರಿವೆ ಮಾತ್ರ. ಬ್ರಾಸೋ ಕೂಡ ಬೇಡ. ಎರಡು ಕಾರ್ಬೊರೇಟರ್ ಒಟ್ಟಿಗೆ ಬಿಚ್ಚಿದ್ದರೆ ಒಂದರ ಪಿಸ್ಟನ್ ಇನ್ನೊಂದಕ್ಕೆ ಹೋಗದಂತೆ ಬೇರೆ ಬೇರೆ ಡಬ್ಬಿಯಲ್ಲಿಡಿ. ಜೋಡಿಸಿದ ಮೇಲೆ ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಡಿ. ಮೆಲ್ಲಗೆ ಇಳಿದು ಕೊನೆಗೆ 'ಟಕ್' ಅನ್ನಬೇಕು. ಆ ಸದ್ದು ಬರದಿದ್ದರೆ ಎಲ್ಲೋ ಹಿಡಿಯುತ್ತಿದೆ. ಮೇಲಿನ ತಿರುಪು ಬಿಚ್ಚಿ ತೆಳು ಎಣ್ಣೆ ಹಾಕಲು ಮರೆಯಬೇಡಿ.

ಹೊರಗೆ ಎಷ್ಟು ಹೊಳೆಸಬೇಕು? ಮೂಲಸ್ಥಿತಿಗೆ ಅಂಕ ಕೊಡುವ ಪ್ರದರ್ಶನವಾದರೆ ಕಾರ್ಖಾನೆಯಿಂದ ಬಂದಾಗ ಇದ್ದಷ್ಟು. ಅಷ್ಟಕ್ಕಿಂತ ಜಾಸ್ತಿ ಹೊಳಪಿಗೆ ಅಂಕ ಕಳೆಯುವವರೂ ಇದ್ದಾರೆ. ಊರಿನ ಜನ ನೋಡಿ ಸಂತೋಷಪಡುವ ಪ್ರದರ್ಶನವಾದರೆ ನಿಮ್ಮಿಷ್ಟ. ನನ್ನ ಮನಸ್ಸು ಮಾತ್ರ ಯಾವಾಗಲೂ ಮೊದಲನೆಯದರ ಕಡೆಗೇ. ಎರಕದ ಒರಟು ಮೈ ಒರಟಾಗಿಯೇ, ಚೊಕ್ಕವಾಗಿ ಇದ್ದರೆ ಅದರ ಪಕ್ಕದ ಹೊಳೆಯುವ ಗಂಟೆ ಇನ್ನೂ ಚೆಂದ ಕಾಣುತ್ತದೆ.

ಪ್ರಶ್ನೆ: ಹಳೆ ಗಾಡಿಗೆ ವಿಂಟೇಜ್ ನೋಂದಣಿ ಅಂತ ಇದೆಯಂತೆ. ಇಂಜಿನ್ ಬದಲಿಸಿದರೆ ಸಿಗುತ್ತದಾ? – ಶಿಗ್ಗಾವಿ

ಉತ್ತರ: 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. 50 ವರ್ಷ ದಾಟಿದ ಬೈಕು, ಕಾರಿಗೆ ಇದು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಹೀಗೆ ನೋಂದಣಿಯಾದ ಗಾಡಿಯನ್ನು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಂಥದ್ದಕ್ಕೆ ಮಾತ್ರ. ಹಾಗಾಗಿ ಡೀಸೆಲ್ ಇಂಜಿನ್ ಕೂರಿಸುವ ಯೋಚನೆ ಇದ್ದರೆ ಈಗಲೇ ಬಿಡಿ.

ಪ್ರಶ್ನೆ: ಪ್ರದರ್ಶನದ ದಿನ ಬೆಳಿಗ್ಗೆ ಇಂಜಿನ್ನಿಗೆ ಏನು ಮಾಡಬೇಕು? – ನವಲಗುಂದ

ಉತ್ತರ: ಆದಷ್ಟು ಕಡಿಮೆ. ನೀರು ಹೊಡೆಯಬೇಡಿ, ಡಿಸ್ಟ್ರಿಬ್ಯೂಟರಿನಲ್ಲಿ ನೀರು ಹೋಗಿ ಗಾಡಿ ಅಲ್ಲೇ ನಿಲ್ಲುತ್ತದೆ. ಮೈದಾನಕ್ಕೆ ಬಂದು ಇಂಜಿನ್ ತಣ್ಣಗಾಗಲು ಬಿಡಿ. ಬಿಸಿ ಅಲ್ಯೂಮಿನಿಯಂ ಮೇಲೆ ಪಾಲಿಶ್ ಹಚ್ಚಿದರೆ ಬಿಳಿ ಕಲೆ ಕೂರುತ್ತದೆ. ನಿಮ್ಮ ಕಡೆಯ ಎರೆಮಣ್ಣಿನ ಧೂಳನ್ನು ಒಣ ಅರಿವೆಯಿಂದ ಒರೆಸಿದರೆ ವಾರವೆಲ್ಲ ಉಜ್ಜಿದ ಮೈ ಮೇಲೆ ಗೀರು ಬೀಳುತ್ತದೆ. ಮೊದಲು ಎರಡಿಂಚಿನ ಮೆತ್ತನೆ ಪೇಂಟ್ ಬ್ರಶ್ಶಿನಿಂದ ಮೇಲಿನಿಂದ ಕೆಳಗೆ ಧೂಳು ಇಳಿಸಿ. ಆಮೇಲೆ ತುಸು ತೇವದ ಅರಿವೆ, ಕೊನೆಗೆ ಒಣ ಅರಿವೆ. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಪುಡಿ ಇದ್ದರೆ ಬಿಸಿನೀರಿನಿಂದ ತೊಳೆದು ವ್ಯಾಸಲಿನ್ ಸವರಿ. ಕಾರ್ಬೊರೇಟರಿನ ಬಾಯಿಗೆ ಧೂಳು ಹೋಗದಿರಲಿ ಅಂತ ಅರಿವೆ ತುರುಕಿದ್ದರೆ ಚಾಲೂ ಮಾಡುವ ಮುಂಚೆ ತೆಗೆಯಬೇಕು. ನಾನು ಅರಿವೆ ಎಣಿಸಿಕೊಂಡೇ ಮನೆ ಬಿಡುತ್ತೇನೆ. ಬಾನೆಟ್ ಮುಚ್ಚುವ ಮುಂಚೆ ಮತ್ತೆ ಎಣಿಸಿ. ಐದು ತಂದಿದ್ದರೆ ಐದೂ ಕೈಯಲ್ಲಿರಬೇಕು.